ಎರಕಕ್ಕೆ ಯಾವ ಹೊಯ್ಗೆ? ಗಾಳಿ ತೂತಿನ ಲೆಕ್ಕದಲ್ಲಿ ಒಂದು ಹೋಲಿಕೆ

ಲೇತಿನ ಮೇಲೆ ಮೊದಲ ಕಟ್ ತೆಗೆದಾಗ ಪೀಸ್ ಚೆಂದವೇ ಇತ್ತು. ಎರಡನೇ ಕಟ್‌ಗೆ ಒಂದು ತೂತು ಕಾಣಿಸಿತು, ಸಾಸಿವೆ ಕಾಳಿನಷ್ಟು. ಮೂರನೇ ಕಟ್‌ಗೆ ಆರೇಳು. ಟಾರ್ಚ್ ಹಾಕಿ ನೋಡಿದರೆ ತೂತಿನ ಒಳಗೋಡೆ ನುಣ್ಣಗೆ ಹೊಳೆಯುತ್ತಿತ್ತು. ಅದು ಪಂಪಿನ ಕೇಸಿಂಗ್, ಬೀಡು ಕಬ್ಬಿಣದ್ದು. ಜೂನ್ ತಿಂಗಳು. ಮಂಗಳೂರಿನ ಬೈಕಂಪಾಡಿಯ ನಮ್ಮ ಎರಕದ ಶೆಡ್ಡಿನ ಶೀಟಿನ ಮೇಲೆ ಮಳೆ ಎಷ್ಟು ಜೋರು ಅಂದರೆ ಪಕ್ಕದಲ್ಲಿ ನಿಂತವರು ಹೇಳಿದ್ದೂ ಕೇಳುತ್ತಿರಲಿಲ್ಲ. ಆ ದಿನ ಹೊಯ್ದ 22 ಪೀಸಿನಲ್ಲಿ 9 ಗುಜರಿ ಸೇರಿದವು.

ಫರ್ನೇಸ್ ನೋಡುವವರು ಬಂದು, "ಸ್ಕ್ರಾಪಿನಲ್ಲೇ ಎಂತದೋ ಬಂದಿದೆ ಮಾರಾಯ್ರೆ" ಎಂದರು. ನಮ್ಮ ಹಳೆಯ ಮೋಲ್ಡರ್ ತೂತಿದ್ದ ಜಾಗವನ್ನು ಬೆರಳಿನಿಂದ ಸವರಿದರು. "ಎಲ್ಲ ತೂತೂ ಕೋರಿನ ಕಡೆಗೇ ಉಂಟಲ್ಲ. ಕಬ್ಬಿಣಕ್ಕೆ ಯಾಕೆ ಬೈತೀರಿ?"

ಅವರು ಹೇಳಿದ್ದೇ ಸರಿ. ಕೋರ್ ಅಂದರೆ ಪೀಸಿನ ಒಳಗೆ ಟೊಳ್ಳು ಬರಲಿ ಅಂತ ಅಚ್ಚಿನ ನಡುವೆ ಇಡುವ ಮರಳಿನ ಗಟ್ಟಿ. ಹಿಂದಿನ ದಿನ ಮಾಡಿಟ್ಟ ಕೋರ್‌ಗಳು ಇಡೀ ರಾತ್ರಿ ಬಾಗಿಲ ಪಕ್ಕದ ರ‍್ಯಾಕಿನಲ್ಲಿ ಕೂತು ಮಳೆಗಾಲದ ಗಾಳಿ ಕುಡಿದಿದ್ದವು.

ಆಮೇಲೆ ನಾವು ಮರಳು ಬದಲಾಯಿಸಿ ನೋಡಿದೆವು, ಮರಳಿನ ಕಾಳು ಹಿಡಿದಿಡುವ ಅಂಟು, ಅಂದರೆ ಬೈಂಡರ್, ಬದಲಾಯಿಸಿ ನೋಡಿದೆವು, ಕೆಲವು ಸಲ ಸುಮ್ನೆ ದುಡ್ಡು ಕಳೆದುಕೊಂಡೆವು. ಈಗ ಹೊಸದಾಗಿ ಫೌಂಡ್ರಿ ಹಾಕುವವರು ಸಿಕ್ಕಿದರೆ ಕೇಳುವುದು ಒಂದೇ ಪ್ರಶ್ನೆ: ಯಾವ ಹೊಯ್ಗೆ ಒಳ್ಳೆಯದು? ಹೊಯ್ಗೆ ಅಂದರೆ ಮರಳು, ಘಟ್ಟದ ಮೇಲಿನವರಿಗಾಗಿ ಹೇಳಿದೆ. ಮಂಗಳೂರಿನಲ್ಲಿ ಅದರ ಹೆಸರಿನದೇ ಒಂದು ಹೊಯ್ಗೆ ಬಜಾರ್ ಇದೆ.

ಒಳ್ಳೆಯ ಹೊಯ್ಗೆ ಅಂತ ಒಂದೇ ಇಲ್ಲ. ನಾನು ಯಾವ ಮರಳು ಬಂದರೂ ಎರಡು ವಿಷಯ ನೋಡುತ್ತೇನೆ. ಬಿಸಿ ಲೋಹ ತಾಗಿದಾಗ ಇದರಿಂದ ಎಷ್ಟು ಗ್ಯಾಸ್ ಹುಟ್ಟುತ್ತದೆ? ಹುಟ್ಟಿದ ಗ್ಯಾಸಿಗೆ ಹೊರಗೆ ಹೋಗಲು ದಾರಿ ಎಲ್ಲಿದೆ? ಅಚ್ಚಿಗೆ ಸರಿಯಾದ ಮರಳು ಕೋರಿಗೆ ತಪ್ಪಾಗುವುದು ಈ ಎರಡನೇ ಪ್ರಶ್ನೆಯಿಂದಲೇ. ಅಚ್ಚಿನ ಗ್ಯಾಸ್ ನಾಲ್ಕೂ ಕಡೆ ಹೋಗಬಹುದು. ಕೋರಿನ ಸುತ್ತ ಲೋಹವೇ ತುಂಬಿರುತ್ತದೆ. ಅದರ ಗ್ಯಾಸಿಗೆ ಕೋರ್ ಪ್ರಿಂಟ್, ಅಂದರೆ ಕೋರಿನ ತುದಿ ಅಚ್ಚಿನಲ್ಲಿ ಕೂರುವ ಜಾಗ, ಬಿಟ್ಟರೆ ಬೇರೆ ಬಾಗಿಲಿಲ್ಲ.

ಮೊದಲು ಅದು ಗ್ಯಾಸ್ ತೂತು ಹೌದೋ ನೋಡಿ

ಮರಳು ಬದಲಾಯಿಸುವ ಮೊದಲು ಒಂದು ಪೀಸ್ ಒಡೆಯಿರಿ. ಗ್ಯಾಸಿನಿಂದ ಬಿದ್ದ ತೂತು ದುಂಡಗೆ ಇರುತ್ತದೆ, ಒಳಗೆ ನುಣುಪು. ಲೋಹ ಕುಗ್ಗಿ ಬಿದ್ದ ತೂತು, ಅಂದರೆ ಶ್ರಿಂಕೇಜ್, ಒಳಗೆ ಒರಟು, ಹರಳು ಹರಳು. ಅದು ದಪ್ಪ ಜಾಗದಲ್ಲಿ, ಕುಗ್ಗುವ ಲೋಹಕ್ಕೆ ಮೇಲಿಂದ ಲೋಹ ಒದಗಿಸುವ ರೈಸರಿನ ಬುಡದಲ್ಲಿ ಬರುತ್ತದೆ. ಅದಕ್ಕೆ ಮರಳು ಬದಲಾಯಿಸಿ ಪ್ರಯೋಜನ ಇಲ್ಲ, ರೈಸರ್ ನೋಡಬೇಕು.

ತೂತು ಎಲ್ಲಿದೆ ಅನ್ನುವುದೂ ಮುಖ್ಯ. ಮೇಲಿನ ಬಾಕ್ಸಿನ ಕಡೆ ದೊಡ್ಡ ದೊಡ್ಡ ಗುಳಿ ಇದ್ದರೆ ಅಚ್ಚಿನ ಅಥವಾ ಕೋರಿನ ಗ್ಯಾಸ್ ಗುಳ್ಳೆಯಾಗಿ ಮೇಲೇರಿ ಸಿಕ್ಕಿಬಿದ್ದಿದೆ. ಚರ್ಮದ ಕೆಳಗೆ ಒಂದೆರಡು ಮಿಲಿಮೀಟರಿನಲ್ಲಿ ಸೂಜಿಮೊನೆಯಂಥ ತೂತುಗಳ ಸಾಲು ಇದ್ದರೆ ಅದು ಪಿನ್‌ಹೋಲ್. ಲೋಹದೊಳಗೆ ಹೈಡ್ರೋಜನ್ ಅಥವಾ ನೈಟ್ರೋಜನ್ ಕರಗಿ, ಗಟ್ಟಿಯಾಗುವಾಗ ಹೊರಬಿದ್ದದ್ದು. ಇಡೀ ಪೀಸಿನಲ್ಲಿ ಒಂದೇ ಸಮನೆ ಚದುರಿದ್ದರೆ ಮಾತ್ರ ಲೋಹವನ್ನು ಅನುಮಾನಿಸಿ.

ನೀರಿನ ಲೆಕ್ಕ

ಒಂದು ಗ್ರಾಂ ನೀರು 100 ಡಿಗ್ರಿಯಲ್ಲಿ ಆವಿಯಾದರೆ ಸುಮಾರು 1.7 ಲೀಟರ್ ಆಗುತ್ತದೆ. ಅದೇ ಆವಿ 1000 ಡಿಗ್ರಿಗೆ ಕಾದರೆ 5.8 ಲೀಟರ್. ಹಸಿ ಮರಳಿನಲ್ಲಿ ಶೇಕಡ 3.5 ನೀರು ಅಂದರೆ ಕಿಲೋಗೆ 35 ಗ್ರಾಂ. 100 ಡಿಗ್ರಿಯಲ್ಲೇ ಅದು ಸುಮಾರು 60 ಲೀಟರ್ ಆವಿ! ಅಚ್ಚಿನ ಮರಳೆಲ್ಲ ಕಾಯುವುದಿಲ್ಲ, ಲೋಹದ ಹತ್ತಿರದ ಪದರ ಮಾತ್ರ ಕಾಯುತ್ತದೆ. ಆದರೂ ಶೇಕಡ ಅರ್ಧ ನೀರು ಜಾಸ್ತಿಯಾದರೆ ಎಂತ ಆಗುತ್ತದೆ ಅಂತ ಇದರಿಂದ ಅಂದಾಜು ಸಿಗುತ್ತದೆ.

ಆವಿ ಸುಮ್ಮನೆ ಆವಿಯಾಗಿಯೂ ಉಳಿಯುವುದಿಲ್ಲ. ಕಾದ ಕಬ್ಬಿಣ ನೀರಿನಿಂದ ಆಕ್ಸಿಜನ್ ಕಿತ್ತುಕೊಂಡು ಹೈಡ್ರೋಜನ್ ಬಿಡುತ್ತದೆ. ಆ ಹೈಡ್ರೋಜನ್ ಲೋಹದೊಳಗೆ ಕರಗುತ್ತದೆ. ಎಸ್‌ಜಿ ಐರನ್ (ಗ್ರಾಫೈಟ್ ಗುಂಡಾಗಿರುವ ಬೀಡು ಕಬ್ಬಿಣ) ಆದರೆ ಅದರಲ್ಲಿರುವ ಮೆಗ್ನೀಸಿಯಂ ಇದೇ ಕೆಲಸವನ್ನು ಇನ್ನೂ ಜೋರಾಗಿ ಮಾಡುತ್ತದೆ. ಕರಗಿಸುವ ಸ್ಕ್ರಾಪಿನಲ್ಲಿ ಅಲ್ಯೂಮಿನಿಯಂ ತುಂಡು ಸೇರಿಬಿಟ್ಟರೂ ಹಾಗೆಯೇ. ಫರ್ನೇಸಿನವರು ಸ್ಕ್ರಾಪಿಗೆ ಬೈದದ್ದು ಪೂರ್ತಿ ಸುಳ್ಳಲ್ಲ ನೋಡಿ.

ಗ್ಯಾಸ್ ಲೋಹದೊಳಗೆ ನುಗ್ಗಬೇಕಾದರೆ ಲೋಹದ ಭಾರವನ್ನು ತಳ್ಳಬೇಕು. ಕರಗಿದ ಕಬ್ಬಿಣ 10 ಸೆಂಟಿಮೀಟರ್ ಎತ್ತರ ನಿಂತಿದ್ದರೆ ಅದರ ಒತ್ತಡ ಸುಮಾರು 70 ಸೆಂಟಿಮೀಟರ್ ನೀರಿನಷ್ಟು. ಅಲ್ಯೂಮಿನಿಯಂ ಆದರೆ ಬರೀ 24. ಅಂದರೆ ಕಬ್ಬಿಣದಲ್ಲಿ ಪಾಸಾದ ಕೋರ್ ಅಲ್ಯೂಮಿನಿಯಂನಲ್ಲಿ ಗುಳ್ಳೆ ಊದಬಹುದು. ಕೆಲವು ಸಲ ಮರಳು ಮುಟ್ಟದೆ ಲೋಹ ಹೊಯ್ಯುವ ಬಾಯಿ, ಅಂದರೆ ಪೋರಿಂಗ್ ಕಪ್ಪನ್ನು ನಾಲ್ಕು ಇಂಚು ಎತ್ತರಿಸಿದರೇ ತೂತು ನಿಲ್ಲುತ್ತದೆ. ಖರ್ಚಿಲ್ಲದ ಮದ್ದು. ಮೊದಲು ಇದನ್ನೇ ಮಾಡಿ ನೋಡಿ.

ಹೊಳೆ, ಕಡಲು, ಕ್ರಷರ್, ಲಾರಿ

ಇಲ್ಲಿ ಫೌಂಡ್ರಿ ಹಾಕುವವರಿಗೆ ಮೊದಲು ಬರುವ ಆಸೆ ಊರಿನ ಮರಳೇ. ಕಣ್ಣೆದುರು ಕಡಲು, ಎರಡು ಕಡೆ ಹೊಳೆ. ದೂರದಿಂದ ಯಾಕೆ ತರಿಸಬೇಕು? ಕರಾವಳಿಯಲ್ಲಿ ಮರಳು ತೆಗೆಯಲು ನಿಯಮ, ಪರ್ಮಿಟ್ ಎಲ್ಲ ಬಿಗಿ, ಮನೆ ಕಟ್ಟುವವರಿಗೇ ಸಿಗದೆ ಗಲಾಟೆ ಆಗುವುದು ನಿಮಗೆ ಗೊತ್ತು. ಆ ಮಾತು ಬದಿಗಿಡಿ. ಸಿಕ್ಕಿದರೂ ಎರಕಕ್ಕೆ ಆಗುತ್ತದೆಯೇ?

ಕಡಲ ಮರಳು ಕೈಗೆ ಚೆಂದ. ಕಾಳು ದುಂಡಗೆ, ಒಂದೇ ಗಾತ್ರ, ತೊಳೆದ ಹಾಗೆ ಇರುತ್ತದೆ. ಮೋಸ ಇರುವುದು ಚಿಪ್ಪಿನ ಚೂರಿನಲ್ಲಿ. ಮರುವಾಯಿ ಚಿಪ್ಪು ಸುಟ್ಟು ಸುಣ್ಣ ಮಾಡುವುದು ನಮ್ಮ ಕರಾವಳಿಗೆ ಹೊಸ ವಿದ್ಯೆಯಲ್ಲ. ಅದೇ ಸುಣ್ಣದ ಗೂಡು ನಿಮ್ಮ ಅಚ್ಚಿನೊಳಗೆ ಶುರುವಾಗುತ್ತದೆ. ಸುಮಾರು 900 ಡಿಗ್ರಿಯಲ್ಲಿ ಚಿಪ್ಪು ಒಡೆದು ಸುಣ್ಣವಾಗುತ್ತದೆ, ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ತೂಕದಲ್ಲಿ ಶೇಕಡ 44 ಗ್ಯಾಸಾಗಿ ಹೋಗುತ್ತದೆ. ಒಂದು ಗ್ರಾಂ ಚಿಪ್ಪಿನಿಂದ 1000 ಡಿಗ್ರಿಯಲ್ಲಿ ಸುಮಾರು ಒಂದು ಲೀಟರ್. ಮರಳು ಎಷ್ಟೇ ಒಣಗಿಸಿ, ಇದು ಹೋಗುವುದಿಲ್ಲ. ನೀರಾದರೆ ಬಿಸಿಲಿಗೆ ಹೋಗುತ್ತದೆ, ಚಿಪ್ಪು ಲೋಹ ಬಂದ ಮೇಲೆಯೇ ಬಾಯಿ ಬಿಡುವುದು.

ಪರೀಕ್ಷೆ ಸುಲಭ. ಒಂದು ಗ್ಲಾಸಿಗೆ ಎರಡು ಚಮಚ ಒಣ ಮರಳು ಹಾಕಿ, ಮೇಲೆ ಟಾಯ್ಲೆಟ್ ತೊಳೆಯುವ ಆಸಿಡ್ ಸ್ವಲ್ಪ ಸುರಿಯಿರಿ. ಬಯಲಿನಲ್ಲಿ ನಿಂತು ಮಾಡಿ, ಕೈಗೆ ಗ್ಲೌಸ್ ಇರಲಿ. ಬುಸ್ಸೆಂದು ನೊರೆ ಬಂದರೆ ಚಿಪ್ಪಿದೆ. ಇಂಥ ಮರಳಿಗೆ ಫ್ಯೂರಾನ್ ರೆಸಿನ್ ಎಂಬ ಅಂಟು ಹಾಕಿದರೆ ಇನ್ನೊಂದು ತೊಂದರೆ: ರೆಸಿನ್ ಗಟ್ಟಿ ಮಾಡಲು ಹಾಕಿದ ಆಸಿಡ್ಡನ್ನು ಚಿಪ್ಪು ತಿಂದುಬಿಡುತ್ತದೆ. ಕೋರ್ ಗಟ್ಟಿಯಾಗದೆ ಮೆತ್ತಗೆ ಉಳಿಯುತ್ತದೆ. ಮೋಲ್ಡರ್ ಆಸಿಡ್ ಜಾಸ್ತಿ ಹಾಕುತ್ತಾನೆ, ಆಸಿಡ್ ಜಾಸ್ತಿಯಾದರೆ ಗ್ಯಾಸೂ ಜಾಸ್ತಿ. ಹೀಗೆ ಒಂದರ ಹಿಂದೆ ಒಂದು.

ಕಡಲ ಮರಳಿನ ಉಪ್ಪು ತೊಳೆದರೆ ಹೋಗುತ್ತದೆ. ತೊಳೆಯದಿದ್ದರೆ ಬೆಂಟೋನೈಟ್ ಜೇಡಿಯ ಅಂಟು ಕೆಡುತ್ತದೆ, ಮರಳು ಗಾಳಿಯ ತೇವ ಎಳೆಯುತ್ತದೆ. ಅಳಿವೆಯ ಹತ್ತಿರ ತೆಗೆದ ಹೊಳೆ ಮರಳಿಗೂ ಇದೇ ರೋಗ. ಅಲ್ಲಿಯವರೆಗೆ ಉಪ್ಪುನೀರು ಏರುತ್ತದಲ್ಲ.

ಮೇಲಿನ ಹೊಳೆ ಮರಳಿನಲ್ಲಿ ಚಿಪ್ಪಿಲ್ಲ, ಉಪ್ಪಿಲ್ಲ. ಆದರೆ ಅದು ಬರೀ ಸಿಲಿಕಾ ಅಲ್ಲ. ಘಟ್ಟದ ಕಲ್ಲು ಪುಡಿಯಾಗಿ ಬಂದದ್ದು, ಫೆಲ್ಡ್‌ಸ್ಪಾರ್ ಇರುತ್ತದೆ, ಅಭ್ರಕ ಮಿನುಗುತ್ತದೆ, ಕೆಂಪು ಜೇಡಿ ಅಂಟಿರುತ್ತದೆ. ಕಾಳೂ ಅಕ್ಕಿಯಿಂದ ಹಿಡಿದು ಹಿಟ್ಟಿನವರೆಗೆ ಎಲ್ಲ ಗಾತ್ರ. ದೊಡ್ಡ ಕಾಳಿನ ನಡುವೆ ಸಣ್ಣ ಕಾಳು ಕೂತರೆ ಗಾಳಿಗೆ ಸಂದು ಉಳಿಯುವುದಿಲ್ಲ. ಜೇಡಿ ಜಾಸ್ತಿ ಇದ್ದಷ್ಟು ನೀರೂ ಜಾಸ್ತಿ ಬೇಕು. ಮ್ಯಾನ್‌ಹೋಲ್ ಮುಚ್ಚಳ, ತೂಕದ ಕಲ್ಲು, ಗ್ರಿಲ್ಲಿನ ತುಂಡು ಹೊಯ್ಯುವವರು ತೊಳೆದು ಜರಡಿ ಹಿಡಿದು ಇದರಲ್ಲೇ ಕೆಲಸ ಸಾಗಿಸಬಹುದು. ಮೆಷಿನಿಂಗ್ ಇರುವ, ನೀರಿನ ಪ್ರೆಷರ್ ಟೆಸ್ಟ್ ಇರುವ ಪೀಸಿಗೆ ನಾನು ಹಾಕುವುದಿಲ್ಲ.

ಎಂ ಸ್ಯಾಂಡ್ ಕೇಳಲೇಬೇಡಿ. ಅದು ಕಾಂಕ್ರೀಟಿಗೆ. ಕ್ರಷರಿನ ಕಲ್ಲುಪುಡಿ, ಮೂಲೆ ಮೂಲೆ ಚೂಪು, ಧೂಳು ತುಂಬಿರುತ್ತದೆ.

ಉಳಿದದ್ದು ಲಾರಿಯಲ್ಲಿ ಬರುವ ತೊಳೆದು ಒಣಗಿಸಿದ ಸಿಲಿಕಾ ಮರಳು. ಆಂಧ್ರದ ಗೂಡೂರು ಕಡೆಯದು, ಕೇರಳದ ಚೇರ್ತಲ ಕಡೆಯದು ಹೆಸರಾದವು. ಕೊಳ್ಳುವಾಗ ಮೂರು ಸಂಗತಿ ಕೇಳಿ: ಎಎಫ್‌ಎಸ್ ನಂಬರ್ ಎಷ್ಟು, ಜೇಡಿ ಎಷ್ಟು, ತೇವ ಎಷ್ಟು. ಎಎಫ್‌ಎಸ್ ಅಂದರೆ ಕಾಳಿನ ಸರಾಸರಿ ನಯ, ನಂಬರ್ ಜಾಸ್ತಿಯಾದಷ್ಟು ಮರಳು ಸಣ್ಣದು. ಬೀಡು ಕಬ್ಬಿಣಕ್ಕೆ 50 ರಿಂದ 60 ನಡುವೆ ಇದ್ದರೆ ಸಾಕು. ಮೇಲ್ಮೈ ನಯ ಬರಲಿ ಅಂತ 80 ರ ಮರಳು ತಂದವರು ನನಗೆ ಗೊತ್ತು. ಪೀಸ್ ನೋಡಲು ಬೆಳ್ಳಿಯಂತೆ, ಒಳಗೆ ಜರಡಿ.

ನಮ್ಮಲ್ಲಿ ಲಾರಿಯ ಮರಳಿಗೂ ಒಂದು ಕತೆ ಉಂಟು. ಒಣ ಮರಳು ಅಂತ ಬಿಲ್ಲಿನಲ್ಲಿ ಬರೆದಿರುತ್ತದೆ. ಟಾರ್ಪಾಲ್ ಕೆಳಗೆ ಘಟ್ಟ ಇಳಿದು ಬರುವಷ್ಟರಲ್ಲಿ ಅದು ಒಣ ಮರಳಾಗಿ ಉಳಿದಿರುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಇಳಿಸಿಕೊಳ್ಳುವ ಮೊದಲು ನಡುವಿನಿಂದ 50 ಗ್ರಾಂ ತೆಗೆದು ತೂಗಿ, 110 ಡಿಗ್ರಿಯಲ್ಲಿ ಒಣಗಿಸಿ, ಮತ್ತೆ ತೂಗಿ. ಅರ್ಧ ಗ್ರಾಂ ಕಡಿಮೆಯಾದರೆ ಶೇಕಡ ಒಂದು ನೀರಿದೆ ಎಂದರ್ಥ. ಹಸಿ ಮರಳಿಗಾದರೆ ಪರವಾಗಿಲ್ಲ, ಹೇಗೂ ನೀರು ಹಾಕುತ್ತೀರಿ. ರೆಸಿನ್ ಕೋರಿಗೆ ಇದು ನಡೆಯುವುದಿಲ್ಲ.

ಜಿರ್ಕಾನ್, ಕ್ರೋಮೈಟ್ ಮರಳೂ ಸಿಗುತ್ತದೆ. ಜಿರ್ಕಾನ್ ಕೇರಳದ ಚವರದ ಕಡಲ ಮರಳಿನಿಂದಲೇ ತೆಗೆಯುತ್ತಾರೆ. ತಾವಾಗಿ ಗ್ಯಾಸ್ ಕೊಡುವುದಿಲ್ಲ, ಲೋಹವನ್ನು ಬೇಗ ತಣಿಸುತ್ತವೆ. ರೇಟ್ ಕೇಳಿದರೆ ನೀವೂ ತಣ್ಣಗಾಗುತ್ತೀರಿ. ಸ್ಟೀಲ್ ಹೊಯ್ಯುವವರು ಮೂಲೆ ಮೂಲೆಗೆ ಸ್ವಲ್ಪ ಹಾಕುತ್ತಾರೆ. ಬರೀ ಗಾಳಿ ತೂತಿಗಾಗಿ ಇದನ್ನು ತರುವ ಅಗತ್ಯ ನನಗೆ ಯಾವತ್ತೂ ಬಂದಿಲ್ಲ.

ಅಂಟಿನ ಹೋಲಿಕೆ

ಮರಳಿನ ಕಾಳು ಎಷ್ಟು ಮುಖ್ಯವೋ ಅದನ್ನು ಹಿಡಿದಿಡುವ ಅಂಟು ಅಷ್ಟೇ ಮುಖ್ಯ. ಶುದ್ಧ ಸಿಲಿಕಾ ಕಾಳು ಗ್ಯಾಸ್ ಕೊಡುವುದಿಲ್ಲ, ಕೊಡುವುದು ಅದರ ಸುತ್ತ ಇರುವುದು.

ಹಸಿ ಮರಳು, ಅಂದರೆ ಗ್ರೀನ್ ಸ್ಯಾಂಡ್, ಎಲ್ಲಕ್ಕಿಂತ ಅಗ್ಗ. ಸಿಲಿಕಾ, ಕಚ್ಛಿನ ಬೆಂಟೋನೈಟ್, ಕೋಲ್ ಡಸ್ಟ್ (ಕಲ್ಲಿದ್ದಲ ಪುಡಿ), ನೀರು. ಅದೇ ಮರಳು ಮತ್ತೆ ಮತ್ತೆ ಬಳಸಬಹುದು. ಬೀಡು ಕಬ್ಬಿಣದ ಸಣ್ಣ, ನಡು ಗಾತ್ರದ ಪೀಸಿಗೆ ಅಚ್ಚು ಇದರಲ್ಲೇ ಮಾಡಿ, ಬೇರೆ ಹುಡುಕಬೇಡಿ. ನೀರು 3 ರಿಂದ 3.5 ರ ನಡುವೆ ಹಿಡಿದಿಟ್ಟರೆ ಅರ್ಧ ತೊಂದರೆ ಇಲ್ಲ. ಮರಳು ಅರೆಯುವ ಮುಲ್ಲರ್ ಯಂತ್ರದಲ್ಲಿ ಸಾಕಷ್ಟು ಹೊತ್ತು ಅರೆಯದೆ, ಅಂಟು ಬರಲಿಲ್ಲ ಅಂತ ನೀರು ಹಾಕುವುದೇ ಇದರಲ್ಲಿ ಆಗುವ ದೊಡ್ಡ ತಪ್ಪು. ಇನ್ನೆರಡು ನಿಮಿಷ ಅರೆದರೆ ಬೆಂಟೋನೈಟ್ ತಾನೇ ಅಂಟುತ್ತದೆ. ಮುಷ್ಟಿಯಲ್ಲಿ ಹಿಡಿದು ಒತ್ತಿ, ಉಂಡೆಯನ್ನು ಎರಡು ತುಂಡು ಮಾಡಿ. ಅಂಚು ಚೂಪಾಗಿ ಮುರಿಯಬೇಕು, ಅಂಗೈ ಒದ್ದೆಯಾಗಬಾರದು.

ಹಸಿ ಮರಳಿನಲ್ಲಿ ಕಣ್ಣಿಗೆ ಕಾಣದ ಒಂದು ಸಂಗತಿ ನಡೆಯುತ್ತದೆ. ಲೋಹ ತಾಗಿದ ಪದರದ ನೀರು ಆವಿಯಾಗಿ ಹಿಂದಕ್ಕೆ ಸರಿಯುತ್ತದೆ. ಅಲ್ಲಿ ತಣ್ಣನೆ ಮರಳು ಸಿಕ್ಕಿ ಮತ್ತೆ ನೀರಾಗಿ ಕೂರುತ್ತದೆ. ಹಾಗಾಗಿ ಸ್ವಲ್ಪ ಒಳಗೆ ಮೊದಲಿಗಿಂತ ಒದ್ದೆಯಾದ, ಮೆತ್ತಗಿನ ಪದರ ಒಂದು ಹುಟ್ಟುತ್ತದೆ. ಸಂದು ಮುಚ್ಚುವುದು ಅಲ್ಲೇ. ಗ್ಯಾಸಿಗೆ ದಾರಿ ಮಾಡಲು ವೆಂಟ್ ವೈರ್ ಚುಚ್ಚುವಾಗ ಆ ಪದರ ದಾಟಿ ಪ್ಯಾಟರ್ನಿನ (ಅಚ್ಚು ತೆಗೆಯುವ ಮಾದರಿಯ) ಹತ್ತಿರದವರೆಗೆ ಹೋಗಬೇಕು ಎನ್ನುವುದು ಇದಕ್ಕೇ. ಮೇಲಿಂದ ಎರಡು ಇಂಚು ಚುಚ್ಚಿ ಬಿಟ್ಟರೆ ಅದು ಶಾಸ್ತ್ರಕ್ಕೆ ಚುಚ್ಚಿದ್ದು.

ಸಿಓ2 ಮರಳು ಎಂದರೆ ಸೋಡಿಯಂ ಸಿಲಿಕೇಟ್ ಹಾಕಿ ಕಾರ್ಬನ್ ಡೈಆಕ್ಸೈಡ್ ಹೊಡೆಸಿ ಗಟ್ಟಿ ಮಾಡುವುದು. ಸಿಲಿಕೇಟ್ ಶೇಕಡ 3 ರಿಂದ 5. ಸುಟ್ಟು ಹೊಗೆಯಾಗುವ ವಸ್ತು ಅದರಲ್ಲಿ ಇಲ್ಲ. ಕಾಗದದ ಮೇಲೆ ನೋಡಿದರೆ ಗಾಳಿ ತೂತಿಗೆ ಇದಕ್ಕಿಂತ ಒಳ್ಳೆಯ ಕೋರ್ ಬೇರೆ ಇಲ್ಲ. ಬಳ್ಳಾರಿಯಲ್ಲೋ ಹುಬ್ಬಳ್ಳಿಯಲ್ಲೋ ಇದ್ದಿದ್ದರೆ ನಾನು ಇದನ್ನೇ ಹಾಡಿ ಹೊಗಳುತ್ತಿದ್ದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಕೋರ್ ಹಪ್ಪಳದ ಹಾಗೆ. ಡಬ್ಬಿಯ ಮುಚ್ಚಳ ತೆಗೆದಿಟ್ಟ ಹಪ್ಪಳ ಏನಾಗುತ್ತದೆ, ಅಲ್ವಾ? ಗಟ್ಟಿಯಾದ ಸಿಲಿಕೇಟ್ ಗಾಳಿಯಿಂದ ತೇವ ಎಳೆಯುತ್ತದೆ. ಮೂಲೆ ಉದುರುತ್ತದೆ, ಒಳಗೆ ನೀರು ಸೇರುತ್ತದೆ. ನಮ್ಮ 9 ಕೇಸಿಂಗ್ ಹೋದದ್ದು ಹೀಗೆ. ಮಾಡಿದ ದಿನವೇ ಹೊಯ್ಯಬೇಕು. ಆಗದಿದ್ದರೆ 150 ಡಿಗ್ರಿ ಓವನ್ನಿನಲ್ಲಿ ಒಂದು ಗಂಟೆ ಇಟ್ಟು, ಬಿಸಿ ಪೂರ್ತಿ ಆರುವ ಮೊದಲು ಅಚ್ಚಿಗೆ ಕೂರಿಸಬೇಕು.

ಅದರಲ್ಲೇ ಇನ್ನೊಂದು ಬಲೆ. ಸಿಓ2 ಕೋರ್ ಹೊಯ್ದ ಮೇಲೆ ಕಲ್ಲಿನ ಹಾಗೆ ಗಟ್ಟಿ, ಒಡೆಯಲು ಕಷ್ಟ. ಸುಲಭವಾಗಲಿ ಅಂತ ಸಕ್ಕರೆಯನ್ನೋ ಕಾಕಂಬಿಯನ್ನೋ ಬೆರೆಸುತ್ತಾರೆ. ಅದು ಸುಟ್ಟು ಕೋರ್ ಪುಡಿಯಾಗುತ್ತದೆ, ಸರಿ. ಆದರೆ ಸುಟ್ಟದ್ದೆಲ್ಲ ಗ್ಯಾಸ್. ಗ್ಯಾಸ್ ಇಲ್ಲದ ಬೈಂಡರಿಗೆ ಗ್ಯಾಸ್ ತಂದು ಸೇರಿಸಿದ ಹಾಗಾಯಿತು. ಸ್ವಲ್ಪ ಹಾಕಿ, ಅಷ್ಟೇ.

ಫ್ಯೂರಾನ್ ದೊಡ್ಡ ಪೀಸಿಗೆ ಒಳ್ಳೆಯದು. ರೆಸಿನ್ ಬರೀ ಶೇಕಡ 1 ರ ಆಸುಪಾಸು, ಅಂದರೆ ಕಿಲೋಗೆ 10 ಗ್ರಾಂ. ಹಸಿ ಮರಳಿನ 35 ಗ್ರಾಂ ನೀರಿನ ಎದುರು ಕಡಿಮೆ ಕಾಣುತ್ತದೆ. ವ್ಯತ್ಯಾಸ ಎಂತದೆಂದರೆ, ನೀರು ಬೇಗ ಆವಿಯಾಗಿ ಹೋಗುತ್ತದೆ, ರೆಸಿನ್ ನಿಧಾನಕ್ಕೆ ಸುಡುತ್ತ ಗ್ಯಾಸ್ ಕೊಡುತ್ತಲೇ ಇರುತ್ತದೆ. ತೆಳು ಪೀಸಿನಲ್ಲಿ ಲೋಹದ ಚರ್ಮ ಬೇಗ ಗಟ್ಟಿಯಾಗುವುದರಿಂದ ತಡವಾಗಿ ಬಂದ ಗ್ಯಾಸ್ ಒಳಗೆ ನುಗ್ಗಲಾರದು. ದಪ್ಪ ಪೀಸಿನಲ್ಲಿ ನುಗ್ಗುತ್ತದೆ. ಇದರ ನಿಜವಾದ ತಲೆನೋವು ನೈಟ್ರೋಜನ್. ಅಗ್ಗದ ಫ್ಯೂರಾನ್‌ನಲ್ಲಿ ಯೂರಿಯಾ ಜಾಸ್ತಿ, ಯೂರಿಯಾ ಅಂದರೆ ನೈಟ್ರೋಜನ್. ಅದು ಬೀಡು ಕಬ್ಬಿಣದಲ್ಲಿ ಕರಗಿ ಆಮೇಲೆ ಉದ್ದುದ್ದ ಸೀಳಿನಂಥ ತೂತು ಬೀಳಿಸುತ್ತದೆ. ನೋಡಿದವರು ಶ್ರಿಂಕೇಜ್ ಅಂತ ತಪ್ಪು ತಿಳಿದು ರೈಸರ್ ದೊಡ್ಡದು ಮಾಡುತ್ತಾರೆ. ರೆಸಿನ್ ಕೊಳ್ಳುವಾಗ ನೈಟ್ರೋಜನ್ ಶೇಕಡ ಎಷ್ಟು ಅಂತ ಕೇಳಿ ಬರೆಸಿಕೊಳ್ಳಿ. ಕೋರ್ ಮರಳಿಗೆ ಶೇಕಡ 1 ರಿಂದ 2 ಕೆಂಪು ಐರನ್ ಆಕ್ಸೈಡ್ ಸೇರಿಸಿದರೆ ಈ ತೂತು ಕಡಿಮೆಯಾಗುತ್ತದೆ. ಹಳೇ ಮರಳನ್ನೇ ಮತ್ತೆ ಮತ್ತೆ ಬಳಸಿದರೆ ಸುಡದ ರೆಸಿನ್ ಕಾಳಿಗೆ ಅಂಟಿ ಉಳಿದು ಗ್ಯಾಸ್ ಏರುತ್ತ ಹೋಗುತ್ತದೆ. ಅಷ್ಟಷ್ಟು ಹೊಸ ಮರಳು ಬೆರೆಸುತ್ತಿರಬೇಕು. ಮಳೆಗಾಲದಲ್ಲಿ ಫ್ಯೂರಾನ್ ಗಟ್ಟಿಯಾಗುವುದೂ ನಿಧಾನ. ಎಸ್‌ಜಿ ಐರನ್ ಹೊಯ್ಯುವವರು ಇನ್ನೊಂದು ಗಮನಿಸಿ: ಇದರ ಆಸಿಡ್ಡಿನ ಗಂಧಕ ಮೇಲಿನ ಪದರದ ಗುಂಡು ಗ್ರಾಫೈಟನ್ನು ಕೆಡಿಸುತ್ತದೆ.

ಫಿನಾಲಿಕ್ ಯೂರಿಥೇನ್ ಬಗ್ಗೆ ನನಗೆ ಅಷ್ಟು ಪ್ರೀತಿ ಇಲ್ಲ. ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ, ಪ್ರೊಡಕ್ಷನ್ ಜಾಸ್ತಿ ಇರುವವರಿಗೆ ಬೇಕೇ ಬೇಕು. ಆದರೆ ಅದು ಎರಡು ಭಾಗ ಬೆರೆಸುವ ರೆಸಿನ್, ಎರಡನೇ ಭಾಗಕ್ಕೆ ನೀರು ಕಂಡರೆ ಆಗದು. ಮರಳಿನಲ್ಲಿ ಶೇಕಡ 0.2 ತೇವ ದಾಟಿದರೆ ಅಂಟು ಸೋಲುತ್ತದೆ. ಮೋಲ್ಡರ್ ರೆಸಿನ್ ಏರಿಸುತ್ತಾನೆ, ಆ ರೆಸಿನ್ ಜೊತೆ ನೈಟ್ರೋಜನ್ನೂ ಬರುತ್ತದೆ. ಮರಳು ಒಣಗಿಸುವ ಡ್ರೈಯರ್ ಇಲ್ಲದ ಕರಾವಳಿ ಶೆಡ್ಡಿನಲ್ಲಿ ಇದಕ್ಕೆ ಕೈ ಹಾಕಬೇಡಿ.

ಆಲ್ಕಲೈನ್ ಫಿನಾಲಿಕ್, ಎಲ್ಲರೂ ಆಲ್ಫಾಸೆಟ್ ಅನ್ನುವುದು, ಇದರಲ್ಲಿ ನೈಟ್ರೋಜನ್ ಇಲ್ಲ, ಗಂಧಕ ಇಲ್ಲ. ಗಟ್ಟಿತನ ಸ್ವಲ್ಪ ಕಡಿಮೆ, ಹಾಗಾಗಿ ರೆಸಿನ್ ಫ್ಯೂರಾನ್‌ಗಿಂತ ಜಾಸ್ತಿ ಬೇಕು, ಹಳೇ ಮರಳು ತಿರುಗಿ ಬಳಸುವುದು ಕಷ್ಟ. ಸ್ಟೀಲಿಗೆ, ಎಸ್‌ಜಿಗೆ ನನ್ನ ಆಯ್ಕೆ ಇದೇ. ಚಿಪ್ಪಿನ ಚೂರು ಸ್ವಲ್ಪ ಇದ್ದರೂ ಇದರ ಅಂಟಿಗೆ ತೊಂದರೆ ಇಲ್ಲ, ಇದು ಆಸಿಡ್ಡಿನ ಮೇಲೆ ನಿಂತಿಲ್ಲವಲ್ಲ. ಚಿಪ್ಪಿನ ಗ್ಯಾಸ್ ಮಾತ್ರ ಬಂದೇ ಬರುತ್ತದೆ.

ರೆಸಿನ್ ಬಳಿದ ಮರಳನ್ನು ಕಾದ ಡೈಯಲ್ಲಿ ಗಟ್ಟಿ ಮಾಡುವ ಶೆಲ್ ಕೋರ್ ಕತೆ ತಿರುಗಾಮುರುಗಾ. ರೆಸಿನ್ ಶೇಕಡ 2 ರಿಂದ 4, ಗ್ಯಾಸ್ ಕೊಡುವುದರಲ್ಲಿ ಎಲ್ಲರಿಗಿಂತ ಮುಂದೆ, ಅದನ್ನು ಗಟ್ಟಿ ಮಾಡುವ ಹೆಕ್ಸಾದಲ್ಲಿ ನೈಟ್ರೋಜನ್ನೂ ಇದೆ. ಆದರೂ ಶೆಲ್ ಕೋರಿನಲ್ಲಿ ತೂತು ಕಡಿಮೆ ಬರುವುದನ್ನು ನೋಡಿದ್ದೇನೆ. ಯಾಕೆಂದರೆ ಅದು ಟೊಳ್ಳು. ಗ್ಯಾಸ್ ನಡುವಿನ ಟೊಳ್ಳಿಗೆ ಇಳಿದು ಪ್ರಿಂಟಿನಿಂದ ಆಚೆ ಹೋಗುತ್ತದೆ. ಸಣ್ಣ ಕೋರ್ ಟೊಳ್ಳಾಗದೆ ಗಟ್ಟಿ ಉಳಿದರೆ ಮಾತ್ರ ಅದು ಗ್ಯಾಸಿನ ಸಿಲಿಂಡರ್. ಈ ಒಂದು ಉದಾಹರಣೆ ಸಾಕು: ಎಷ್ಟು ಗ್ಯಾಸ್ ಹುಟ್ಟಿತು ಎನ್ನುವುದಕ್ಕಿಂತ ದಾರಿ ಇದೆಯೇ ಎನ್ನುವುದು ದೊಡ್ಡದು.

ಗಾಳಿ ಹೋಗುವುದನ್ನು ಅಳೆಯುವುದು

ಪರ್ಮಿಯಬಿಲಿಟಿ ಮೀಟರ್ ಒಂದಿದ್ದರೆ ಅರ್ಧ ಜಗಳ ಮುಗಿಯುತ್ತದೆ. ಎರಡು ಇಂಚು ವ್ಯಾಸ, ಎರಡು ಇಂಚು ಎತ್ತರದ ಮರಳಿನ ಗಟ್ಟಿ. ರ‍್ಯಾಮ್ಮರ್ ಮೂರು ಪೆಟ್ಟು. ಅದರ ಮೂಲಕ 2,000 ಮಿಲಿಲೀಟರ್ ಗಾಳಿ ಬಿಡುವುದು, ಒತ್ತಡ ಚದರ ಸೆಂಟಿಮೀಟರಿಗೆ 10 ಗ್ರಾಂ. ಗಾಳಿ ದಾಟಲು 30 ಸೆಕೆಂಡ್ ಹಿಡಿದರೆ ನಂಬರ್ 100, ಒಂದು ನಿಮಿಷ ಹಿಡಿದರೆ 50. ಬೀಡು ಕಬ್ಬಿಣದ ಹಸಿ ಮರಳು 100 ರ ಆಸುಪಾಸು ಇದ್ದರೆ ನನಗೆ ನಿದ್ದೆ ಬರುತ್ತದೆ. ನಂಬರ್ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಮರಳಿನಲ್ಲಿ ಧೂಳು ಕೂಡುತ್ತಿದೆ ಎಂದು ತಿಳಿಯಿರಿ.

ಈಗ ಯಾರಿಗೆ ಯಾವುದು

ಮಲ್ಪೆಯ ದೋಣಿಗೆ ಪ್ರೊಪೆಲ್ಲರ್ ಹೊಯ್ಯುವವರ ಕಷ್ಟ ಬೇರೆಯದೇ. ಜೂನ್ 1 ರಿಂದ ಜುಲೈ 31 ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ದಡ ಸೇರುವುದು, ಪ್ರೊಪೆಲ್ಲರ್ ಬಿಚ್ಚುವುದು, ಕೆಲಸ ಬಂದು ರಾಶಿ ಬೀಳುವುದು ಆ 61 ದಿನಗಳಲ್ಲೇ. ಗಾಳಿಯಲ್ಲಿ ತೇವ ಅತಿ ಜಾಸ್ತಿ ಇರುವ ಕಾಲವೂ ಅದೇ! ಕಂಚು ಹೈಡ್ರೋಜನ್ ಹಿಡಿಯುವುದರಲ್ಲಿ ಕಬ್ಬಿಣಕ್ಕಿಂತ ಏನೂ ಕಡಿಮೆಯಲ್ಲ. ಅವರಿಗೆ ನಾನು ಹೇಳುವುದು: ರೆಕ್ಕೆಯ ಅಚ್ಚು ಸಿಓ2 ಮರಳಲ್ಲಿ ಮಾಡಿ, ಬರ್ನರಿನಿಂದ ಮೇಲ್ಮೈ ಕಾಯಿಸಿ, ಕಾದಿರುವಾಗಲೇ ಬಾಕ್ಸ್ ಮುಚ್ಚಿ ಹೊಯ್ಯಿರಿ. ನಡುವಿನ ಬೋರಿನ ಕೋರ್ ಉದ್ದಕ್ಕೆ ಒಂದು ಸರಳು ಇಟ್ಟು ಎಳೆದು ವೆಂಟ್ ಬಿಡಿ. ಮಳೆಗಾಲದಲ್ಲಿ ಹಸಿ ಮರಳು ಬೇಡ.

ಅಲ್ಯೂಮಿನಿಯಂ ಬ್ರಾಕೆಟ್, ಪುಲ್ಲಿ ಹೊಯ್ಯುವವರು ಮೊದಲು ಲೋಹವನ್ನೇ ನೋಡಿಕೊಳ್ಳಬೇಕು. ಕರಗಿದ ಅಲ್ಯೂಮಿನಿಯಂ ಗಟ್ಟಿಯಾಗುವಾಗ ತನ್ನಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಹೈಡ್ರೋಜನ್ ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಉಳಿದದ್ದು ತೂತಾಗುತ್ತದೆ. ಡೀಗ್ಯಾಸ್ ಮಾಡದೆ, ಅಂದರೆ ಕರಗಿದ ಲೋಹದ ಗ್ಯಾಸ್ ತೆಗೆಯದೆ, ಮರಳು ಬದಲಾಯಿಸುತ್ತ ಕೂತರೆ ದಿನ ಹೋಗುತ್ತದೆ. ಮರಳು ಇಲ್ಲಿ ಕಬ್ಬಿಣಕ್ಕಿಂತ ಸಣ್ಣದು ನಡೆಯುತ್ತದೆ, ಶಾಖ ಕಡಿಮೆ ಇರುವುದರಿಂದ. ಕೋಲ್ ಡಸ್ಟ್ ಬೇಕಾಗಿಲ್ಲ. ಕೋರ್ ಇದ್ದರೆ ಬೈಂಡರ್ ಎಷ್ಟು ಕಡಿಮೆ ಹಾಕಬಹುದೋ ಅಷ್ಟು ಹಾಕಿ, 24 ಸೆಂಟಿಮೀಟರಿನ ಲೆಕ್ಕ ನೆನಪಿರಲಿ.

ಪಂಪ್ ಕೇಸಿಂಗ್, ವಾಲ್ವ್ ಬಾಡಿಯಂಥ ಪ್ರೆಷರ್ ಪೀಸಿಗೆ ಅಚ್ಚು ಹಸಿ ಮರಳು, ಕೋರ್ ಶೆಲ್ ಅಥವಾ ಒಣಗಿಸಿದ ಸಿಓ2. ತಿಂಗಳಿಗೆ ನೂರಾರು ಪೀಸ್ ಇದ್ದರೆ ಶೆಲ್ಲಿನ ಡೈ ಖರ್ಚು ಹುಟ್ಟುತ್ತದೆ. ಇಪ್ಪತ್ತು ಮೂವತ್ತು ಪೀಸಾದರೆ ಸಿಓ2 ಮತ್ತು ಒಂದು ಓವನ್.

ಮರಳಿನ ತಪ್ಪಲ್ಲದ್ದೂ ಇದೆ, ಅದನ್ನು ಮರಳಿನ ಲೆಕ್ಕಕ್ಕೆ ಬರೆಯಬೇಡಿ. ರಾತ್ರಿ ಅಚ್ಚಿನೊಳಗೆ ಇಟ್ಟ ಕಬ್ಬಿಣದ ಚಿಲ್ (ಲೋಹವನ್ನು ಬೇಗ ತಣಿಸುವ ತುಂಡು) ಬೆಳಿಗ್ಗೆ ಬೆವರಿರುತ್ತದೆ, ತಣ್ಣನೆ ನೀರಿನ ಚೊಂಬಿನ ಹಾಗೆ. ಕೋರನ್ನು ಎತ್ತಿ ಹಿಡಿಯುವ ಚಾಪ್ಲೆಟ್ ತುಕ್ಕು ಹಿಡಿದಿದ್ದರೆ ಅದೂ ಗ್ಯಾಸ್ ಊದುತ್ತದೆ. ಲೋಹ ಹೊಯ್ಯುವ ಲೇಡಲಿಗೆ ಹೊಸದಾಗಿ ಮಣ್ಣು ಹಚ್ಚಿ ಸರಿಯಾಗಿ ಕಾಯಿಸದಿದ್ದರೂ ಅಷ್ಟೇ. ಕೋರಿಗೆ ನೀರಿನ ಕೋಟಿಂಗ್ ಬಳಿದು ನೋಡಲು ಒಣಗಿದೆ ಅಂತ ಕೂರಿಸಿದರೂ ಅಷ್ಟೇ.

ಆ ಕೇಸಿಂಗಿಗೆ ನಾವು ಕೊನೆಗೆ ಮಾಡಿದ್ದು ಮೂರು ಕೆಲಸ. ಕೋರ್ ಮರಳು ಎಎಫ್‌ಎಸ್ 70 ರಿಂದ 55 ಕ್ಕೆ ಇಳಿಸಿದೆವು. ಕೋರಿನ ನಡುವೆ ಮೇಣದ ವೆಂಟ್ ದಾರ ಹಾಕಿ, ಕಾಯಿಸಿ ಕರಗಿಸಿ, ದಾರಿಯನ್ನು ಪ್ರಿಂಟಿನ ಆಚೆ ಬಾಕ್ಸಿನ ಹೊರಗೆ ತಂದೆವು. ಹೊಯ್ಯುವಾಗ ಆ ತೂತಿನ ಬಾಯಿಗೆ ಬೆಂಕಿ ಹಿಡಿದರೆ ನೀಲಿ ಜ್ವಾಲೆ ಹತ್ತುತ್ತದೆ, ಗ್ಯಾಸ್ ಹೊರಗೆ ಬರುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಮೂರನೆಯದು, ಹಳೆಯ ಬೀರುವಿಗೆ ಹೀಟರ್ ಹಾಕಿ ಕೋರ್ ಓವನ್ ಮಾಡಿದೆವು. ಮುಂದಿನ ಜೂನ್‌ನಲ್ಲಿ 24 ಹೊಯ್ದೆವು. ಒಂದು ಹೋಯಿತು, ಅದೂ ಕೋರ್ ಸರಿದು.

ಓವನ್ ಈಗಲೂ ಇದೆ. ಮಳೆಗಾಲದಲ್ಲಿ ಹುಡುಗರು ಒದ್ದೆ ರೈನ್‌ಕೋಟ್ ತಂದು ಅದರ ಬಾಗಿಲಿಗೇ ನೇತುಹಾಕುತ್ತಾರೆ. ಎಷ್ಟು ಬೈದರೂ ಕೇಳುವುದಿಲ್ಲ.